ಕ್ಯಾನ್ಸರ್ ಪಾಲಿಸಿಯ ಹದಿನಾಲ್ಕನೇ ಪ್ರಶ್ನೆ

ಇಂಡಿ ಊರಿನ ನಮ್ಮ ಓಣಿಯಲ್ಲಿ ಯಾರ ಮನೆಗೆ ಕಚೇರಿಯ ಕಾಗದ ಬಂದರೂ ಅದು ಮೊದಲು ನನ್ನ ಕೈಗೆ ಬರುತ್ತದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಬ್ಯಾಂಕಿನ ಪತ್ರ, ತಹಶೀಲ್ದಾರ ಕಚೇರಿಯ ನೋಟೀಸು, ನಳದ ನೀರಿನವರ ತಾಕೀತು, ಯಾವುದೇ ಇರಲಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿ ಅರ್ಥ ಬಿಡಿಸಿ ಹೇಳುತ್ತೇನೆ. ನಾನು ಹೇಳಿದ ಅರ್ಥ ಎಷ್ಟೋ ಸಲ ತಪ್ಪಾಗಿದೆ. ಆದರೆ ಗಂಟಲು ಸರಿಮಾಡಿಕೊಳ್ಳುವ ರೀತಿಯಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿಲ್ಲ.

ಇಂಥ ನಾನು ಹೋದ ವರ್ಷ ಕ್ಯಾನ್ಸರಿಗೆಂದೇ ಇರುವ ವಿಮೆ ಕೊಳ್ಳಲು ಹೊರಟು, ಕೈಕಾಲು ಕಳೆದುಕೊಂಡರೆ ಹಣ ಕೊಡುವ ವಿಮೆ ಕೊಂಡು ಮನೆಗೆ ಬಂದೆ.

ಅದು ನಡೆದದ್ದು ಮುದ್ದೇಬಿಹಾಳದಿಂದ ಬರುವಾಗ. ಅಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತೇನೆ. ಅವರು ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನೌಕರರು. ನಾನು ಕಾಲೇಜು ಮುಗಿಸಿದ ವರ್ಷ ಅವರ ಮನೆಯಲ್ಲಿದ್ದಾಗ ಎಡ ಅಂಗೈಯಲ್ಲಿ ತಂಬಾಕು, ಅದರ ಮೇಲೆ ಉಗುರಷ್ಟು ಸುಣ್ಣ ಹಾಕಿ, ಬಲ ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ದವಡೆಯ ಸಂದಿಗೆ ಒತ್ತುವುದನ್ನು ಕಲಿಸಿದವರು ಅವರೇ. ವಿದ್ಯೆ ಕಲಿಸಿದ ಗುರುಗಳನ್ನು ನಾನು ಒಬ್ಬೊಬ್ಬರನ್ನಾಗಿ ಮರೆತಿದ್ದೇನೆ. ಈ ಒಂದು ಪಾಠವನ್ನು ಮಾತ್ರ ದಿನಾ ಅಭ್ಯಾಸ ಮಾಡುತ್ತಾ ಬಂದಿದ್ದೆ.

ಆ ಮಾಮಾನ ಬಾಯಲ್ಲಿ ವಾಸಿಯಾಗದ ಹುಣ್ಣಾಯಿತು. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಎಂದರು. ದವಡೆಯ ಒಂದು ತುಂಡು ತೆಗೆದರು, ಆಮೇಲೆ ಆರು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಅದೆಲ್ಲ ಮುಗಿಸಿ ಮನೆಗೆ ಬಂದ ಮೇಲೆ ನಾನು ನೋಡಲು ಹೋಗಿದ್ದೆ. ಮಾಮಾ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಕೆನ್ನೆ ಒಂದು ಕಡೆ ಒಳಗೆ ಹೋಗಿತ್ತು. ಮಾತು ಬಾಯಲ್ಲಿ ಬಟ್ಟೆ ತುರುಕಿದ ಹಾಗೆ ಬರುತ್ತಿತ್ತು. ಹೀಗಾಗಿ ಅವರ ಪಾಲಿನ ಮಾತನ್ನೂ ಅಕ್ಕನೇ ಆಡುತ್ತಿದ್ದಳು.

“ದವಾಖಾನಿ ಬಿಲ್ಲಿಂದು ಚಿಂತಿ ಆಗ್ಲಿಲ್ಲೊ ತಮ್ಮಾ,” ಅಂದಳು ಅಕ್ಕ. “ಅದನ್ನ ಆಫೀಸಿನ ವಿಮಾದಾಗ ಕಟ್ಟಿದ್ರು. ಆದ್ರ ಆರು ವಾರ ಹುಬ್ಬಳ್ಳ್ಯಾಗ ಖೋಲಿ ಮಾಡ್ಕೊಂಡು ಇದ್ದೆವಲ್ಲ, ಅದನ್ನ ಯಾರು ಕಟ್ತಾರ? ಮಗಳು ಕಾಲೇಜು ಬಿಟ್ಟು ಕುಂತಳು, ಇವ್ರ ಪಗಾರ ನಿಂತು ಹೋತು. ನಾ ದಿನಾ ಗಂಜಿ ಸೋಸಿ ಸೋಸಿ ಕೈ ಸುಟ್ಕೊಂಡೆ. ಇದಕ್ಕೆಲ್ಲ ಬಿಲ್ ಇರೂದಿಲ್ಲ, ಬಿಲ್ ಇಲ್ಲಂದ್ರ ವಿಮಾನೂ ಇಲ್ಲ.”

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಪಕ್ಕದ ಹಾಸಿಗೆಯಲ್ಲಿ ಬಸವನ ಬಾಗೇವಾಡಿ ಕಡೆಯ ಒಬ್ಬ ಹೆಣ್ಣುಮಗಳಿದ್ದಳಂತೆ. ಅವಳ ಮನೆಯವರು ಕ್ಯಾನ್ಸರಿಗೇ ಅಂತ ಬೇರೆ ಒಂದು ಪಾಲಿಸಿ ಮಾಡಿಸಿದ್ದರಂತೆ. “ರೋಗ ಐತಿ ಅಂತ ರಿಪೋರ್ಟ್ ಬಂದ ಕೂಡ್ಲೇ ಒಮ್ಮೆಲೇ ರೊಕ್ಕ ಕೈಗೆ ಕೊಟ್ರಂತ. ಖೋಲಿಗೆ ಹಾಕ್ರಿ, ಗಂಜಿಗೆ ಹಾಕ್ರಿ, ಬಿಲ್ ಕೇಳೂದಿಲ್ಲಂತ. ನೀನೂ ಒಂದು ಮಾಡಿಸ್ಕೋ.”

ಈ ಮಾತು ಕೇಳಿ ನನಗೆಷ್ಟು ಗಾಬರಿಯಾಯಿತೆಂದರೆ, ಹಿತ್ತಿಲಿಗೆ ಹೋಗಿ ಒಂದು ಚಿಟಿಕೆ ತಂಬಾಕು ಹಾಕಿಕೊಂಡ ಮೇಲೆಯೇ ಎದೆ ತಿಳಿಯಾದದ್ದು.

ವಾಪಸು ಬರುವ ಬಸ್ಸಿನಲ್ಲಿ ಮೊಬೈಲ್ ತೆಗೆದು ಹುಡುಕಿದೆ. ನಿಮ್ಮ ಕುಟುಂಬವನ್ನು ಕಾಪಾಡಿ, ಇಂದೇ ನಿರ್ಧರಿಸಿ ಎಂದು ಒಂದು ಪುಟ ಬಂತು. ಬಾಗೇವಾಡಿ ಮುಟ್ಟುವವರೆಗೆ ರಸ್ತೆಯ ತೆಗ್ಗುಗಳಲ್ಲಿ ಕೂತಲ್ಲೇ ಜಿಗಿಯುತ್ತ ಹೆಸರು, ವಯಸ್ಸು, ಮನೆಯ ವಿಳಾಸ ತುಂಬಿದೆ. ಗಂಭೀರ, ಅನಿರೀಕ್ಷಿತ, ಒಟ್ಟು ಮೊತ್ತ ಎಂಬ ಮೂರು ಪದಗಳು ಕಣ್ಣಿಗೆ ಬಿದ್ದವು. ಕ್ಯಾನ್ಸರಿಗಿಂತ ಗಂಭೀರ ಯಾವುದು, ಅನಿರೀಕ್ಷಿತ ಯಾವುದು? ನಿಯಮಗಳನ್ನು ಓದಿದ್ದೇನೆ, ಒಪ್ಪಿದ್ದೇನೆ ಎಂಬ ಚೌಕದಲ್ಲಿ ಗುರುತು ಹಾಕಿದೆ. ಮಕ್ಕಳು ಗೈಡು ನೋಡಿ ಉತ್ತರ ಬರೆದರೆ ಬೆತ್ತ ಎತ್ತುತ್ತಿದ್ದ ಮನುಷ್ಯ ನಾನು.

ನನ್ನ ಹೆಂಡತಿ ಅಂಗನವಾಡಿ ಟೀಚರು. ದಿನಕ್ಕೆ ಎಷ್ಟೋ ರಿಜಿಸ್ಟರು ಬರೆಯುವವಳು, ಯಾವ ಕಾಲಮ್ಮನ್ನೂ ಓದದೆ ಬಿಡುವವಳಲ್ಲ. ಎರಡು ದಿನದ ಮೇಲೆ ನನ್ನ ಮೊಬೈಲಿಗೆ ಬಂದ ಪಾಲಿಸಿಯನ್ನು ರೊಟ್ಟಿ ಬಡಿದು ಮುಗಿಸಿ, ಕೈ ಒರೆಸಿಕೊಂಡು ಓದಿದಳು. ಓದಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ರೀ, ನೀವು ಯಾವ ಕಾಲು ಕಳಕೊಳ್ಳಾಕ ಹೊಂಟೀರಿ? ಎಡಗಾಲೋ ಬಲಗಾಲೋ?”

“ಅಂದ್ರ?”

“ಇದು ಆ್ಯಕ್ಸಿಡೆಂಟ್ ಆದ್ರ ಬರೂ ರೊಕ್ಕ. ಒಂದು ಕಾಲಿಗೆ ಅರ್ಧ, ಎರಡೂ ಕಾಲಿಗೆ ಪೂರಾ. ಕ್ಯಾನ್ಸರ್ ಅನ್ನೂ ಶಬ್ದ ಒಂದ್ ಕಡೆ ಐತಿ ನೋಡ್ರಿ. ಅದಕ್ಕ ಕೊಡೂದಿಲ್ಲಂತ ಬರದಾರ.”

ನಾನು ಗಂಟಲು ಸರಿಮಾಡಿಕೊಂಡೆ. ಅವಳ ಮೇಲೆ ಅದು ನಡೆಯುವುದಿಲ್ಲ.

ಅವಳೇ ಫೋನು ಮಾಡಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿದಳು. ನಾನು ಸಾಲೋಟಗಿಯ ಶಾಲೆಯಲ್ಲಿದ್ದಾಗ ಕಲಿತವಳು, ಈಗ ಸಿಂದಗಿಯ ಸೊಸೆ, ವಿಮಾ ಏಜೆಂಟು. ತವರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಹೋಗುವವಳು. ಅವಳಿಗೆ ಕನ್ನಡದಲ್ಲಿ ನಾನು ಕೊಟ್ಟದ್ದು ನೂರಕ್ಕೆ ಮೂವತ್ತಾರು. ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ, ಪ್ರಶ್ನೆಯನ್ನು ಮೊದಲು ಸರಿಯಾಗಿ ಓದು ಎಂದು ಬರೆದಿದ್ದೆನಂತೆ. ನನಗೆ ನೆನಪಿರಲಿಲ್ಲ. ಅವಳಿಗೆ ನೆನಪಿತ್ತು, ಬಂದ ಐದು ನಿಮಿಷದಲ್ಲಿ ನೆನಪಿಸಿದಳು.

ಕಾಲಿನ ಪಾಲಿಸಿಯನ್ನು ನೋಡಿ ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ತಗೊಂಡು ಇನ್ನೂ ತಿಂಗಳು ಆಗಿಲ್ಲಲ್ರಿ ಸರ. ಓದಿ ನೋಡಿ ಬ್ಯಾಡ ಅನ್ಸಿದ್ರ ವಾಪಸ್ ಕೊಡಾಕ ಟೈಮ್ ಇರ್ತೈತಿ. ನಾ ಬರದು ಕೊಡ್ತೇನಿ, ಸಹಿ ಮಾಡ್ರಿ,” ಅಂದಳು. ಪತ್ರವನ್ನೂ ಅವಳೇ ಬರೆದಳು. ಅದರಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ತಿದ್ದಿ ಸಹಿ ಮಾಡಿದೆ. ಮಾನ ಉಳಿಸಿಕೊಳ್ಳಲು ಅಷ್ಟಾದರೂ ಬೇಕಿತ್ತು.

ಆಮೇಲೆ ಅವಳು ತಂದಿದ್ದ ಕ್ಯಾನ್ಸರ್ ಪಾಲಿಸಿಯ ಕನ್ನಡ ಪುಸ್ತಿಕೆ ಬಿಚ್ಚಿದಳು. ಯಾರು ಅನುವಾದ ಮಾಡಿದ್ದರೋ, ಮೊದಲ ಪುಟದಲ್ಲೇ ವಾಕ್ಯ ಮೂರು ಕಡೆ ಮುಗ್ಗರಿಸಿತ್ತು. ನನಗೆ ಹುರುಪು ಬಂತು. ಪೆನ್ನು ತೆಗೆದು ತಿದ್ದಲು ಶುರುಮಾಡಿದೆ. ‘ಕಾಯುವ ಅವಧಿ’ ಎಂದಿತ್ತು. “ಇದು ಕಾವಲು ಕಾಯೂದೋ, ನೀರು ಕಾಯೂದೋ? ನಿರೀಕ್ಷಣಾ ಅವಧಿ ಅನಬೇಕು,” ಅಂದೆ.

“ಏನರೆ ಅನ್ರಿ ಸರ. ಅರ್ಥ ಏನಂದ್ರ, ಪಾಲಿಸಿ ಶುರು ಆದ ಮೊದಲ ಆರು ತಿಂಗಳದಾಗ ರೋಗ ಕಂಡ್ರ ಒಂದು ಪೈಸಾ ಬರೂದಿಲ್ಲ.”

ನನ್ನ ಪೆನ್ನು ನಿಂತಿತು. “ಆರು ತಿಂಗಳು?”

“ಹೌದ್ರಿ. ಮನಿಗೆ ಬೆಂಕಿ ಹತ್ತಿದ ಮ್ಯಾಲ ಬಾವಿ ತೋಡಾಕ ಬರಬಾರದಂತ. ಹುಣ್ಣು ಕಂಡ್ಮ್ಯಾಲ ಪಾಲಿಸಿ ಮಾಡ್ಸವ್ರು ಭಾಳ ಮಂದಿ ಇರ್ತಾರಲ್ರಿ.”

ಮುಂದಿನ ಪುಟದಲ್ಲಿ ‘ಬದುಕುಳಿಯುವ ಅವಧಿ’ ಎಂದಿತ್ತು. ರೋಗ ಗೊತ್ತಾದ ಮೇಲೆ ಏಳು ದಿನ ಬದುಕಿದ್ದರೆ ಮಾತ್ರ ಹಣವಂತೆ. ನಾನು ಅದರ ಮೇಲೆ ಹತ್ತು ನಿಮಿಷ ಭಾಷಣ ಮಾಡಿದೆ, ಮಾನವೀಯತೆ ಎಂಬ ಪದವನ್ನು ಎರಡು ಸಲ ಬಳಸಿದೆ. ಅವಳು ಚಹಾ ಕುಡಿಯುತ್ತ ಕೂತಿದ್ದು, ನಾನು ಮುಗಿಸಿದ ಮೇಲೆ, “ಸತ್ತವ್ರಿಗೆ ಬ್ಯಾರೆ ಪಾಲಿಸಿ ಇರ್ತೈತ್ರಿ ಸರ. ಇದು ಬದುಕಿದವ್ರಿಗೆ,” ಅಂದಳು. ಇದಕ್ಕಿಂತ ಚಿಕ್ಕದಾಗಿ ನಾನು ಯಾವ ಪಾಠವನ್ನೂ ಮಾಡಿಲ್ಲ.

ನನ್ನ ಹೆಂಡತಿ ಕೇಳಬೇಕಾದ್ದನ್ನು ಕೇಳುತ್ತಿದ್ದಳು. ಈಗ ಇರುವ ಆರೋಗ್ಯ ವಿಮೆ ಬಿಟ್ಟು ಇದನ್ನು ತಗೋಬೇಕೋ, ಅದರ ಜೊತೆಗೋ?

“ಜೊತಿಗೆ ಟೀಚರ. ಅದನ್ನ ಬಿಡಲೇಬಾರದು. ಅದು ದವಾಖಾನಿ ಬಿಲ್ಲಿಗೆ. ಇದು ಬಿಲ್ ಇಲ್ಲದ ಖರ್ಚಿಗೆ. ಇದು ಕ್ಯಾನ್ಸರ್ ಬಿಟ್ರ ಬ್ಯಾರೆ ಯಾವ ರೋಗಕ್ಕೂ ಆಗೂದಿಲ್ಲ, ಅದನ್ನೂ ತಿಳ್ಕೋರಿ. ಹಾರ್ಟ್ ಆದ್ರ ಇದು ಕೈ ಎತ್ತತೈತಿ. ಮೊದಲ ಹಂತದಾಗ ಸಿಕ್ರ ಸ್ವಲ್ಪ ಪಾಲು ಕೊಡ್ತಾರ, ದೊಡ್ಡ ಹಂತಕ್ಕ ಹೋದ್ರ ಉಳಿದದ್ದು ಕೊಡ್ತಾರ. ಇನ್ನೊಂದು ಕಂಪನಿದು ಸ್ವಸ್ತಾ ಐತಿ, ಆದ್ರ ಅದು ಮೊದಲ ಹಂತಕ್ಕ ಏನೂ ಕೊಡೂದಿಲ್ಲ. ನಮ್ಮ ಮಂದಿ ಈಗ ಲಗೂನೇ ಟೆಸ್ಟ್ ಮಾಡಿಸ್ಕೋತಾರ, ಮೊದಲ ಹಂತದ್ದೇ ಜಾಸ್ತಿ ಬೇಕಾಗ್ತೈತಿ ಅಂತ ನನ್ನ ಲೆಕ್ಕ.”

ಅವಳ ಕಮಿಷನ್ ಎಷ್ಟು ಎಂದು ಹೆಂಡತಿ ಮುಚ್ಚುಮರೆಯಿಲ್ಲದೆ ಕೇಳಿದಳು. ಅವಳೂ ಮುಚ್ಚುಮರೆಯಿಲ್ಲದೆ ಹೇಳಿದಳು. ಆ ಅಗ್ಗದ ಪಾಲಿಸಿಯಲ್ಲೇ ತನಗೆ ಜಾಸ್ತಿ ಬರುವುದು ಅಂದಳು. ಆಗ ನನಗೆ ಆ ಮೂವತ್ತಾರು ಅಂಕದ ಬಗ್ಗೆ ಸ್ವಲ್ಪ ನಾಚಿಕೆಯಾಯಿತು.

ಇಬ್ಬರ ಹೆಸರಿನಲ್ಲೂ ಅರ್ಜಿ ತುಂಬಲು ಕೂತೆವು, ಮೊದಲು ನನ್ನದು. ಎತ್ತರ, ತೂಕ, ತಂದೆ ತಾಯಿಗೆ ಇದ್ದ ರೋಗ. ಹದಿನಾಲ್ಕನೆಯ ಪ್ರಶ್ನೆಗೆ ಬಂದಾಗ ಅವಳು ಗಟ್ಟಿಯಾಗಿ ಓದಿದಳು: ಕಳೆದ ಐದು ವರ್ಷಗಳಲ್ಲಿ ನೀವು ಯಾವುದೇ ರೂಪದಲ್ಲಿ ತಂಬಾಕು ಸೇವಿಸಿದ್ದೀರಾ? ಹೌದಾದರೆ ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷಗಳಿಂದ?

“ಇಲ್ಲ ಅಂತ ಬರಿಯವ್ವ,” ಅಂದೆ. ಧ್ವನಿ ಎಷ್ಟು ಸಹಜವಾಗಿತ್ತೆಂದರೆ ನನಗೇ ನಂಬಿಕೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ತಂಬಾಕು ಹಾಕುವುದು ಜಗತ್ತಿನಲ್ಲಿ ಮಾಮಾನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದು ನಾನು ಇಪ್ಪತ್ತಾರು ವರ್ಷ ನಂಬಿದ್ದೆ. ಪೊಟ್ಟಣವನ್ನು ಶಾಲೆಯ ಸೀಮೆಸುಣ್ಣದ ಡಬ್ಬಿಯಲ್ಲಿಡುತ್ತಿದ್ದೆ. ಜೇಬಿನಲ್ಲಿ ಲವಂಗ, ಯಾಲಕ್ಕಿ, ಬಡೇಸೋಪು ಸದಾ ಇರುತ್ತಿತ್ತು. ಮನೆಯಲ್ಲಿ ಹಾಕಬೇಕಾದರೆ ಹಾಲಿನವನು ಬಂದನೇನೋ ನೋಡಿ ಬರುತ್ತೇನೆ ಎಂದು ಅಂಗಳಕ್ಕೆ ಹೋಗುತ್ತಿದ್ದೆ. ತಂಬಾಕು ವಿರೋಧಿ ದಿನಕ್ಕೆ ಶಾಲೆಯಿಂದ ಜಾಥಾ ಹೊರಟರೆ ಘೋಷಣೆ ಬರೆದುಕೊಡುತ್ತಿದ್ದವನು ನಾನೇ. ‘ಬಿಟ್ಟರೆ ಬಾಳು, ಹಿಡಿದರೆ ಹಾಳು’ ಎಂದು ಮಕ್ಕಳು ಕೂಗುತ್ತ ಹೋಗುವಾಗ ನಾನು ಮುಂದೆ ಮೌನವಾಗಿ ನಡೆಯುತ್ತಿದ್ದೆ. ನೋಡಿದವರು ಗಾಂಭೀರ್ಯ ಎಂದುಕೊಂಡಿರಬೇಕು. ದವಡೆಯಲ್ಲಿ ಮಾಲು ಇರುವಾಗ ಬಾಯಿಬಿಟ್ಟು ಕೂಗಲಾಗುವುದಿಲ್ಲ ಎಂಬುದು ನಿಜವಾದ ಕಾರಣ.

ಏಜೆಂಟ್ ಹುಡುಗಿ ಪೆನ್ನು ಕೆಳಗಿಟ್ಟಳು. “ಸರ, ನಾವು ಒಂಬತ್ತನೇ ಕ್ಲಾಸಿನ್ಯಾಗಿದ್ದಾಗ ಎರಡನೇ ಪಿರಿಯಡ್ ಆದ ಕೂಡ್ಲೇ ನೀವು ನೀರಿನ ಟಾಕಿ ಹಿಂದ ಹೋಗ್ತಿದ್ರಿ. ಹುಡುಗ್ಯಾರೆಲ್ಲ ಕಿಡಕ್ಯಾಗಿಂದ ನೋಡ್ತಿದ್ದೆವು. ಮೂರನೇ ಪಿರಿಯಡ್‌ದಾಗ ನೋಟ್ಸ್ ಬರಸ್ತೀರೋ, ಪಾಠ ಮಾಡ್ತೀರೋ ಅಂತ ಅದರ ಮ್ಯಾಲೇ ಹೇಳ್ತಿದ್ದೆವು. ದೊಡ್ಡ ಚಿಟಿಕಿ ಹಾಕಿದ್ರ ನೋಟ್ಸ್.”

ನಾನು ಸಹಾಯಕ್ಕೆ ಹೆಂಡತಿಯ ಕಡೆ ನೋಡಿದೆ.

“ನನ್ನ ಯಾಕ ನೋಡ್ತೀರಿ?” ಅಂದಳು ಅವಳು. “ದಿನಾ ಐದು ಸಲ ಬರೂ ಹಾಲಿನವ ಇಡೀ ಇಂಡ್ಯಾಗ ನಮ್ಮನಿಗೆ ಒಬ್ಬಾವ ಇರ್ಬೇಕು.”

ಇಪ್ಪತ್ತಾರು ವರ್ಷ ಗುಟ್ಟೆಂದು ಕಾಪಾಡಿದ್ದು ಒಂದು ಚಹಾ ಆರುವುದರೊಳಗೆ ಮುಗಿಯಿತು. ಆದರೂ ಕನ್ನಡ ಮಾಸ್ತರ ಸೋಲುವುದಿಲ್ಲ. ಭಾಷೆಯಲ್ಲಿ ದಾರಿ ಇದ್ದೇ ಇರುತ್ತದೆ. “ಆಗೊಮ್ಮೆ ಈಗೊಮ್ಮೆ ಅಂತ ಬರಿ,” ಅಂದೆ. ಅವಳು ಆಗುವುದಿಲ್ಲ ಅಂದಳು. “ವಿರಳವಾಗಿ?” ಅದೂ ಆಗುವುದಿಲ್ಲ. “ಹಬ್ಬಹರಿದಿನಗಳಲ್ಲಿ?” ಹೆಂಡತಿ ಎದ್ದು ಒಳಗೆ ಹೋದಳು. ನಗಲು ಹೋದಳೋ ಅಳಲು ಹೋದಳೋ ಗೊತ್ತಾಗಲಿಲ್ಲ.

ಹುಡುಗಿ ಮಾತ್ರ ನಗದೆ ಹೇಳಿದಳು: “ಸರ, ಸುಳ್ಳು ಬರದ್ರ ಇವತ್ತು ಯಾರೂ ಕೇಳೂದಿಲ್ಲ. ಕಂತು ಆರಾಮ ತಗೋತಾರ. ಆದ್ರ ನಾಳೆ ರೋಗ ಬಂತಂದ್ರ ದವಾಖಾನ್ಯಾಗ ಡಾಕ್ಟರ್ ಮೊದಲ ಕೇಳೂದೇ, ತಂಬಾಕ ಎಷ್ಟು ವರ್ಷದಿಂದ ಅಂತ. ಆಗ ನೀವು ಜೀವದ ಆಸಿಗೆ ಖರೇ ಹೇಳ್ತೀರಿ. ಅವ್ರು ಅದನ್ನ ಬರಕೋತಾರ. ಕಂಪನಿಯವ್ರು ಆ ಹಾಳಿ, ಈ ಹಾಳಿ ಎರಡೂ ಬಾಜೂ ಬಾಜೂ ಇಟ್ಟು ನೋಡ್ತಾರ. ಆಗ ನಿಮ್ಮ ಪಾಲಿಸಿ ಭಜಿ ಕಟ್ಟಾಕ ಬರ್ತೈತಿ. ಪ್ರಶ್ನೆ ಸರಿಯಾಗಿ ಓದ್ರಿ, ಖರೇ ಉತ್ತರ ಬರೀರಿ.”

ನಾನು ಪೆನ್ನು ತಗೊಂಡು ನನ್ನ ಕೈಯಾರೆ ಬರೆದೆ. ಹೌದು. ದಿನಕ್ಕೆ ಆರು ಸಲ. ಇಪ್ಪತ್ತಾರು ವರ್ಷ. ಬರೆದ ಮೇಲೆ ಅದನ್ನು ನೋಡಿದೆ. ಅಷ್ಟು ವರ್ಷ ನಾನು ಮಾಡಿದ್ದನ್ನೆಲ್ಲ ಯಾರಾದರೂ ಒಂದೇ ಸಾಲಿನಲ್ಲಿ ಬರೆ ಅಂದರೆ ಬೇರೇನು ಬರೆಯುತ್ತಿದ್ದೆನೋ ತಿಳಿಯದು.

ನಾನು ಹೌದು ಎಂದು ಬರೆದದ್ದರಿಂದ ಕಂಪನಿಯವರು ಬಾಯಿಯ ತಪಾಸಣೆ ಆಗಬೇಕು ಅಂದರು. ಅವರ ಪಟ್ಟಿಯಲ್ಲಿದ್ದ ಹಲ್ಲಿನ ವೈದ್ಯೆ ಬಸವನ ಬಾಗೇವಾಡಿಯವರು. ತಪಾಸಣೆಗೆ ಹತ್ತು ದಿನ ಇತ್ತು. ಶಾಲೆಯ ಸಹೋದ್ಯೋಗಿಯೊಬ್ಬರು ಅರಿಸಿನದ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಎಲ್ಲ ಕಲೆ ಹೋಗುತ್ತದೆ ಅಂದರು. ದಿನಾ ನಾಲ್ಕು ಸಲ ಮುಕ್ಕಳಿಸಿದೆ. ತಂಬಾಕನ್ನೂ ನಿಲ್ಲಿಸಿದೆ. ನಿಲ್ಲಿಸಿದೆ ಎಂದರೆ ಆರರಿಂದ ಮೂರಕ್ಕೆ ಇಳಿಸಿದೆ. ಹತ್ತನೇ ದಿನ ಕನ್ನಡಿ ನೋಡಿದರೆ ಹಲ್ಲು ಮದುಮಗನ ಹಾಗೆ ಹಳದಿಯಾಗಿತ್ತು.

ಹೆಂಡತಿಯೂ ಜೊತೆಗೆ ಬಂದಳು. ವೈದ್ಯೆ ಚಿಕ್ಕ ವಯಸ್ಸಿನವರು. ನನ್ನನ್ನು ಕುರ್ಚಿಯಲ್ಲಿ ಮಲಗಿಸಿ ದೀಪ ಹಚ್ಚಿ, “ಬಾಯಿ ತಗೀರಿ ಅಂಕಲ್. ಇನ್ನೂ ದೊಡ್ಡದ ತಗೀರಿ,” ಅಂದರು. ಅರಿಸಿನದ ಬಗ್ಗೆ ಏನೂ ಕೇಳಲಿಲ್ಲ. ಕನ್ನಡಿಯ ಚಮಚೆಯನ್ನು ನೇರ ಎಡ ಕೆನ್ನೆಯ ಒಳಗೆ, ಕೆಳಗಿನ ದವಡೆಯ ಹತ್ತಿರ ಒಯ್ದು ನಿಲ್ಲಿಸಿದರು.

“ಇಲ್ಲೇ ಇಡ್ತೀರೇನ್ರಿ?”

ಚಮಚೆ ಬಾಯಲ್ಲಿದ್ದುದರಿಂದ ನಾನು ತಲೆ ಆಡಿಸಿದೆ.

ಅವರು ನನ್ನ ಹೆಂಡತಿಯನ್ನು ಕರೆದು ತೋರಿಸಿದರು. ಒಣಗಿದ ಸುಣ್ಣ ಬಳಿದ ಹಾಗೆ ಒಂದು ಬಿಳಿ ಮಚ್ಚೆ. ಹುಣಸೆಬೀಜದಷ್ಟು. ಹೆಂಡತಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೆ ಇದ್ದದ್ದು ಮದುವೆಯಾದ ಮೇಲೆ ಅದೇ ಮೊದಲು. ನನಗೆ ನಿಜವಾಗಿ ಭಯವಾದದ್ದು ಆಗ.

“ಇದು ಕ್ಯಾನ್ಸರೇ ಅಂತ ನಾ ಹೇಳಾಕತ್ತಿಲ್ರಿ,” ಅಂದರು ವೈದ್ಯೆ. “ಆದ್ರ ಒಂದು ತುಂಡು ತಗದು ಪರೀಕ್ಷಾ ಮಾಡಿಸ್ಬೇಕು. ವಿಜಯಪುರಕ್ಕ ಹೋಗ್ರಿ, ಚೀಟಿ ಕೊಡ್ತೇನಿ. ತಡಾ ಮಾಡಬ್ಯಾಡ್ರಿ.”

ವಿಜಯಪುರದಲ್ಲಿ ಜೋಳದ ಕಾಳಿನಷ್ಟು ಮಾಂಸ ತೆಗೆದರು. ವರದಿ ಬರಲು ಒಂದು ವಾರ. ಆ ವಾರದಲ್ಲಿ ನಾನು ಏನೇನು ಮಾಡಿದೆ ಎಂದು ಬರೆಯಲು ಸಂಕೋಚವಾಗುತ್ತದೆ. ವಿಮೆಯ ಪುಸ್ತಿಕೆಯನ್ನು ಮೊದಲ ಸಲ ಪೂರ್ತಿ ಓದಿದೆ, ಒಂದೂ ಕಾಗುಣಿತ ತಿದ್ದಲಿಲ್ಲ. ಏಜೆಂಟ್ ಹುಡುಗಿಗೆ ಫೋನು ಮಾಡಿ, ಈ ವಾರದಲ್ಲೇ ಪಾಲಿಸಿ ಶುರುವಾಗುವ ಹಾಗೆ ಏನಾದರೂ ಮಾಡಲು ಬರುತ್ತದೆಯೇ ಎಂದು ಕೇಳಿದೆ. ಅವಳು, “ಸರ, ಮೊದಲ ರಿಪೋರ್ಟ್ ಬರ್ಲಿ. ಟೀಚರ್ ಹತ್ರ ಫೋನ್ ಕೊಡ್ರಿ,” ಅಂದಳು. ಅವರಿಬ್ಬರೂ ಅಡಿಗೆಮನೆಯಲ್ಲಿ ಬಹಳ ಹೊತ್ತು ಮಾತಾಡಿದರು. ಬೆಂಕಿ ಹತ್ತಿದ ಮೇಲೆ ಬಾವಿ ತೋಡಲು ಬರುವವರ ಮಂದೆಯಲ್ಲಿ ನಾನೂ ಹಾರೆ ಹಿಡಿದು ನಿಂತಿದ್ದೆ.

ತಂಬಾಕು? ಹೌದು, ಆ ವಾರವೂ ಎರಡು ಸಲ ಹಾಕಿದೆ. ಈ ಸಲ ಬಲ ಕೆನ್ನೆಯಲ್ಲಿ. ಎಡಕ್ಕೆ ವಿಶ್ರಾಂತಿ ಕೊಡೋಣ ಎಂದು.

ವರದಿಯ ಹಿಂದಿನ ಭಾನುವಾರ ಹೆಂಡತಿಗೆ ಹೇಳದೆ ಮುದ್ದೇಬಿಹಾಳಕ್ಕೆ ಹೋದೆ. ಅಕ್ಕ ಸಂತೆಗೆ ಹೋಗಿದ್ದಳು. ಮಾಮಾ ಒಬ್ಬರೇ ಇದ್ದರು, ಚಿಕ್ಕ ಮಕ್ಕಳ ಚಮಚೆಯಲ್ಲಿ ಗಂಜಿ ಕುಡಿಯುತ್ತಿದ್ದರು. ಒಂದು ಚಮಚೆ ಒಳಗೆ ಹೋಗಲು ಅವರು ತುಟಿಯನ್ನು ಬೆರಳಿನಿಂದ ಸರಿಸಿಕೊಳ್ಳಬೇಕಿತ್ತು. ನಾನು ಎಲ್ಲ ಹೇಳಿದೆ. ಪಾಲಿಸಿ, ಹದಿನಾಲ್ಕನೇ ಪ್ರಶ್ನೆ, ಬಿಳಿ ಮಚ್ಚೆ, ಬಲ ಕೆನ್ನೆಯ ಸುದ್ದಿಯನ್ನೂ ಸೇರಿಸಿ. ಬಲ ಕೆನ್ನೆಗೆ ಬಂದಾಗ ಮಾಮಾನ ಹೆಗಲು ಕುಣಿಯಲು ಶುರುವಾಯಿತು. ನಗುತ್ತಿದ್ದರು. ಬಾಯಿ ತೆರೆಯಲು ಆಗದವರ ನಗು ಕಣ್ಣಿನಿಂದಲೇ ಇಳಿಯುತ್ತದೆ.

ಆಮೇಲೆ ಬಟ್ಟಲು ಕೆಳಗಿಟ್ಟು, ತಮ್ಮ ಒಂದು ಬೆರಳನ್ನು ಬಾಯಿಗೆ ಇಟ್ಟು ತೋರಿಸಿದರು. ಒಂದೇ ಹೋಗುತ್ತಿತ್ತು. ನನ್ನ ಕಡೆ ಕೈ ಮಾಡಿ, ನಿಂದು ತೋರ್ಸು ಎಂದು ಸನ್ನೆ ಮಾಡಿದರು. ನಾನು ಮೂರು ಬೆರಳು ಇಟ್ಟೆ. ಹೋದವು.

“ಮೂರು... ಹೋಗ್ತಾವಲ್ಲೋ,” ಅಂದರು. ಒಂದೊಂದೇ ಪದ ಹೊರಗೆ ಬರಲು ಹೊತ್ತು ಹಿಡಿಯಿತು. “ರೊಟ್ಟಿ ತಿಂತಿ. ನಾ... ನಿಂಗ ಕಲಿಸಬಾರದಿತ್ತು.”

“ನಾನ ಕಲಿಸ್ರಿ ಅಂತ ಬೆನ್ನ ಹತ್ತಿದ್ದೆ ಮಾಮಾ.”

“ಹೌದು. ನೀ ಎಲ್ಲಾದ್ರಾಗೂ... ದಡ್ಡ ಇದ್ದಿ. ಇದೊಂದು ಲಗೂ ಕಲ್ತಿ.”

ಇಬ್ಬರೂ ನಕ್ಕೆವು. ಅವರ ಗಂಜಿ ಆರಿ ಹೋಗಿತ್ತು. ನಾನು ಒಳಗೆ ಹೋಗಿ ಬಿಸಿ ಮಾಡಿ, ಗಂಟಿರಬಾರದೆಂದು ಸೋಸಿ ತಂದೆ. ಅಕ್ಕ ಹೇಳಿದ್ದು ನಿಜ, ಕೈ ಸುಡುತ್ತದೆ. ಅವರು ಕುಡಿದು ಮುಗಿಸಲು ಮುಕ್ಕಾಲು ತಾಸು ಬೇಕಾಯಿತು. ಪಕ್ಕದಲ್ಲೇ ಕೂತಿದ್ದೆ. ಹೊರಡುವ ಮುಂಚೆ ಜೇಬಿನಲ್ಲಿದ್ದ ಪೊಟ್ಟಣ, ಸುಣ್ಣದ ಡಬ್ಬಿ ಎರಡನ್ನೂ ಅವರ ಹಿತ್ತಿಲ ಮೋರಿಗೆ ಎಸೆದೆ. ಅದೇನು ದೊಡ್ಡ ತ್ಯಾಗವಲ್ಲ. ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹೊಸದನ್ನು ಕೊಳ್ಳಲು ಪಾನ್ ಅಂಗಡಿಯವರೆಗೂ ಹೋಗಿದ್ದೆ. ಅಂಗಡಿಯವನ ಹತ್ತಿರ ಚಿಲ್ಲರೆ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಫೋನಿನಿಂದ ಕಳಿಸಿರಿ ಅಂದ. ಕಳಿಸಿದರೆ ಹೆಂಡತಿಯ ಮೊಬೈಲಿಗೂ ಸಂದೇಶ ಹೋಗುತ್ತದೆ, ಖಾತೆ ಇಬ್ಬರದೂ ಒಂದೇ. ಅಷ್ಟರಲ್ಲಿ ಬಸ್ಸು ಬಂತು. ಹೀಗೆ ನಾನು ಸಂಕಲ್ಪಬಲದಿಂದ ತಂಬಾಕು ಬಿಟ್ಟೆ.

ವರದಿ ಬಂತು. ಕ್ಯಾನ್ಸರ್ ಅಲ್ಲ. ಆದರೆ ಆ ಕಡೆ ಹೊರಟಿರುವ ಬದಲಾವಣೆಗಳು ಶುರುವಾಗಿವೆ, ತಂಬಾಕು ಪೂರ್ತಿ ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಅಂದರು. ಹೆಂಡತಿ ವಿಜಯಪುರದ ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಒಂದು ವಾರ ಏನೂ ಅನ್ನದೆ ಕೂಡಿಟ್ಟದ್ದನ್ನೆಲ್ಲ ಆಮೇಲೆ ಇಂಡಿ ಮುಟ್ಟುವವರೆಗೆ ಬಸ್ಸಿನಲ್ಲಿ ಅಂದಳು. ಹಿಂದಿನ ಸೀಟಿನ ಮುದುಕಿಯೊಬ್ಬಳು ನಡುನಡುವೆ, “ಅನ್ನವ್ವ, ಅನ್ನು,” ಎಂದು ಹುರಿದುಂಬಿಸುತ್ತಿದ್ದಳು. ಅಷ್ಟು ಬೈಗುಳ ಅಷ್ಟು ಸುಖವಾಗಿ ನಾನೆಂದೂ ಕೇಳಿರಲಿಲ್ಲ.

ಕಂಪನಿಯ ಪತ್ರ ಹದಿನೈದು ದಿನದ ಮೇಲೆ ಬಂತು. ನನ್ನ ಅರ್ಜಿಯನ್ನು ಎರಡು ವರ್ಷ ಮುಂದೂಡಲಾಗಿದೆಯಂತೆ, ಆಮೇಲೆ ಹೊಸ ತಪಾಸಣೆಯ ವರದಿಯೊಂದಿಗೆ ಮತ್ತೆ ಅರ್ಜಿ ಹಾಕಬಹುದಂತೆ. ಕನ್ನಡ ಈ ಸಲ ಸ್ವಚ್ಛವಾಗಿತ್ತು. ತಿದ್ದಲು ಏನೂ ಸಿಗಲಿಲ್ಲ. ನನ್ನ ಹೆಂಡತಿಗೆ ಮಾತ್ರ ಯಾವ ತಕರಾರೂ ಇಲ್ಲದೆ ಪಾಲಿಸಿ ಬಂತು. ಅವಳ ಹದಿನಾಲ್ಕನೇ ಉತ್ತರ ಒಂದೇ ಪದದ್ದಾಗಿತ್ತು. ಇಡೀ ಮನೆಯಲ್ಲಿ ಕ್ಯಾನ್ಸರಿಗಾಗಿ ಇಪ್ಪತ್ತಾರು ವರ್ಷ ದುಡಿದವನು ನಾನು. ಪಾಲಿಸಿ ಸಿಕ್ಕಿದ್ದು ಅಡಿಕೆಯ ಹೋಳನ್ನೂ ಮುಟ್ಟದ ಅವಳಿಗೆ.

ಏಜೆಂಟ್ ಹುಡುಗಿ ಅವಳ ಪಾಲಿಸಿ ಕೊಡಲು ಬಂದಾಗ ನನಗೆ ಬೇರೆ ದಾರಿ ಹೇಳಿದಳು. “ನಿಮ್ಮ ದವಾಖಾನಿ ವಿಮಾದ ಮೊತ್ತಾ ಏರಿಸ್ರಿ ಸರ. ಅಲ್ಲೂ ಈ ಮಚ್ಚಿ ಸುದ್ದಿ ಬರದೇ ಕೊಡೂನು. ಏರಿಸಿದ ಮೊತ್ತಕ್ಕ ಒಂದಿಷ್ಟು ವರ್ಷ ಕಾಯಬೇಕಾಗ್ಬಹುದು, ಜಾಸ್ತಿ ಕಂತು ಹಾಕ್ಬಹುದು, ಹಾಕ್ಲಿ. ಇದ್ದದ್ದು ಮಾತ್ರ ಒಂದು ದಿನಾನೂ ತಪ್ಪಿಸಬ್ಯಾಡ್ರಿ.” ಹಾಗೇ ಮಾಡಿದೆವು. ಇದರಿಂದ ಅವಳಿಗೆ ಕಮಿಷನ್ ಏನೂ ಬರಲಿಲ್ಲ, ಆ ವಿಮೆ ಬೇರೆಯವರ ಕಡೆಯಿಂದ ಮಾಡಿಸಿದ್ದು. ಅವಳು ಹೋಗುವಾಗ ಹೆಂಡತಿ ಕುಂಕುಮ ಹಚ್ಚಿ ಖಣ ಕೊಟ್ಟಳು. ನಾನು ಏನು ಕೊಡಲಿ ಎಂದು ಹುಡುಕಿ, ಕೊನೆಗೆ, “ನಿನಗ ಆಗ ಕಡಿಮಿ ಅಂಕ ಹಾಕಿದ್ದೆನವ್ವ,” ಅಂದೆ. “ಇಲ್ರಿ ಸರ, ಬರೋಬ್ಬರಿ ಹಾಕಿದ್ರಿ. ನಾ ಬರದದ್ದೇ ಅಷ್ಟು,” ಅಂದು ಸಿಂದಗಿ ಬಸ್ಸಿಗೆ ಓಡಿದಳು.

ಮಾಮಾ ಈಗ ಮೆತ್ತಗಿನ ಅನ್ನ ತಿನ್ನುತ್ತಾರೆ. ಬಾಯಿಗೆ ಎರಡನೇ ಬೆರಳೂ ಅರ್ಧ ಹೋಗುತ್ತದೆಂದು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ಬಿಟ್ಟು ಹನ್ನೊಂದು ತಿಂಗಳಾಯಿತು. ನಡುವೆ ಒಂದು ಸಲ, ಲಚ್ಯಾಣದಲ್ಲಿ ಒಂದು ಮದುವೆಯ ಊಟವಾದ ಮೇಲೆ, ಯಾರೋ ಅಂಗೈ ಮುಂದೆ ಹಿಡಿದಾಗ ನನ್ನ ಬೆರಳು ತಾನಾಗಿ ಹೋಗಿತ್ತು. ಅದನ್ನು ಮನೆಗೆ ಬಂದು ನಾನೇ ಹೇಳಿದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಚಹಾ ಕೊಟ್ಟಳು.

ಹೋದ ಸೋಮವಾರ ಮತ್ತೆ ಬಾಗೇವಾಡಿಗೆ ಹೋಗಿದ್ದೆವು. ವೈದ್ಯೆ ದೀಪ ಹಚ್ಚಿ ನೋಡಿ, ಮಚ್ಚೆ ಸಣ್ಣದಾಗಿದೆ, ಪೂರ್ತಿ ಹೋಗಿಲ್ಲ, ಮತ್ತೆ ಮೂರು ತಿಂಗಳಿಗೆ ಬರ್ರಿ ಅಂದರು. ಹೊರಗೆ ಬಂದಾಗ ಹಸಿವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಕೂತು ಬಿಸಿ ರೊಟ್ಟಿ, ಎಣಗಾಯಿ ಹೇಳಿದೆವು. ಶೇಂಗಾ ಹಿಂಡಿಯನ್ನು ಹೆಂಡತಿ ನನ್ನ ತಾಟಿನಿಂದ ತೆಗೆದು ತನ್ನ ತಾಟಿಗೆ ಹಾಕಿಕೊಂಡಳು, ಆ ಮಚ್ಚೆಯ ಕಡೆ ನನಗೆ ಖಾರ ಈಗಲೂ ಉರಿಯುತ್ತದೆ. ನಾನು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಎತ್ತಿದೆ. “ಸಾವಕಾಶ ತಿನ್ರಿ,” ಅಂದಳು ಅವಳು, “ಇಂಡಿ ಬಸ್ಸಿಗೆ ಇನ್ನೂ ಒಂದು ತಾಸು ಐತಿ.”